ಸ್ನೋ-ಪೌಡರ್ ಕವಿತೆ ಮತ್ತು ನಮ್ಮ ಫ್ಯಾಮಿಲಿ ಗ್ರೂಪ್

ಸಾಗರದ ಭಾವ: (ಫಾರ್ವರ್ಡ್ ಮಾಡಲಾಗಿದೆ) ಶೇಕ್ಸ್‌ಪಿಯರ್ 1732ರಲ್ಲೇ ಬರೆದಿದ್ದ ಸತ್ಯ! ಸುಂದರಿಗೆ ಅಲಂಕಾರಕ್ಕೆ ಐದು ಗಂಟೆ. ಅವಳು ಹೊರಗೆ ಹೋದಾಗ ಪ್ರೇಮಿ ಕದ್ದು ಕೋಣೆಗೆ ಹೊಕ್ಕರೆ ಕೊಳೆ ಬಟ್ಟೆ, ಗಲೀಜು ಬಾಚಣಿಗೆ, ಗಬ್ಬು ವಾಸನೆ. ಗಂಡುಮಕ್ಕಳೇ ಎಚ್ಚರ!! ಎಲ್ಲರಿಗೂ ಕಳಿಸಿ 🙏

ಸಾಗರದ ಭಾವ: ಮದುವೆಗೆ ಹೊರಡುವಾಗ ನಮ್ಮನೆಯಲ್ಲೂ ಇದೇ ಕಥೆ 😂😂

ಬೆಂಗಳೂರು ತಮ್ಮ: ಮೂಲ ಯಾವುದು ಭಾವ? ಶೇಕ್ಸ್‌ಪಿಯರ್ ತೀರಿಕೊಂಡಿದ್ದೇ 1616ರಲ್ಲಿ.

ದೊಡ್ಡಪ್ಪ: ಯಾರು ಬರೆದರೇನು, ವಿಷಯ ಸರಿ ಇದೆ. ರೂಪ ನಾಲ್ಕು ದಿನ, ಗುಣ ಕೊನೆತನಕ. ನಮ್ಮ ಉಡುತಡಿಯ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ದೇಹವನ್ನು ಅಮೇಧ್ಯದ ಮಡಕೆ ಅಂದಳು. ಶಿಕಾರಿಪುರ ಇಲ್ಲೇ ಇದೆ, ಹೋಗಿ ನೋಡಿ ಬನ್ನಿ ಎಲ್ಲರೂ. ಪಾರ್ಲರಿಗೆ ಹೋಗಲು ಪುರುಸೊತ್ತಿದೆ, ಅದಕ್ಕಿಲ್ಲ.

ಹೊಸನಗರ ಚಿಕ್ಕಪ್ಪ: ಅಮ್ಮನಿಗೆ ಪಾರ್ಲರ್ ಎಲ್ಲಿತ್ತು. ಶನಿವಾರ ಬಚ್ಚಲ ಹಂಡೆಗೆ ಬೆಂಕಿ ಹಾಕಿ, ದಾಸವಾಳದ ಸೊಪ್ಪಿನ ಲೋಳೆ, ಸೀಗೆಪುಡಿ, ಹೊರಗೆ ಜಡಿಮಳೆ, ಸ್ನಾನ ಮುಗಿಸಿ ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಟ್ಟು ತಿಂದಿದ್ದು ನೆನಪಿದೆಯಾ ಅಣ್ಣಾ?

ದೊಡ್ಡಪ್ಪ: ನನ್ನ ಪಾಲಿನ ಹಪ್ಪಳವನ್ನೂ ನೀನೇ ತಿನ್ನುತ್ತಿದ್ದೆ.

ಬೆಂಗಳೂರು ತಮ್ಮ: ಭಾವ, ಮೂಲ ಕೇಳಿದೆ. ಹೋದ ಮಳೆಗಾಲ ಅಡಿಕೆಯ ಕೊಳೆರೋಗಕ್ಕೆ ಮಜ್ಜಿಗೆ ಹೊಡೆಯಿರಿ ಅಂತ ಕಳಿಸಿದ್ದೂ ನೀವೇ.

ಸಾಗರದ ಭಾವ: ತೋಟಕ್ಕೆ ಕಾಲಿಡದವರು ಕೊಳೆರೋಗದ ಬಗ್ಗೆ ಮಾತಾಡಬಾರದು. ಸುಮ್ನೆ ನಗಲಿ ಅಂತ ಹಾಕಿದೆ ಅಷ್ಟೆ.

ಶಿವಮೊಗ್ಗದ ಅಕ್ಕ: ಇದು ಜೊನಾಥನ್ ಸ್ವಿಫ್ಟ್ ಬರೆದ ಕವಿತೆ. ಗಲಿವರ್ ಕಥೆ ಬರೆದವನು, ಡಬ್ಲಿನ್‌ನಲ್ಲಿ ಪಾದ್ರಿ ಆಗಿದ್ದ. 1732 ಅನ್ನೋದು ಸರಿ. ಆದರೆ ಫಾರ್ವರ್ಡ್ ಮಾಡಿದವರು ಕೊನೆಯನ್ನೇ ಕತ್ತರಿಸಿದ್ದಾರೆ. ಕದ್ದು ನೋಡಿದ ಆ ಸ್ಟ್ರೆಫನ್‌ಗೆ ಶಿಕ್ಷೆ ಆಗುತ್ತದೆ. ಆಮೇಲೆ ಯಾವ ಹೆಣ್ಣನ್ನು ಕಂಡರೂ ಅವನಿಗೆ ಆ ವಾಸನೆಯೇ ನೆನಪಾಗುತ್ತದೆ, ಕವಿ ಅವನನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾನೆ. ಹೆಣ್ಣೆಂದರೆ ದೇವತೆ, ಅವಳಿಗೆ ಬೆವರೇ ಬರಲ್ಲ ಅಂತ ನಂಬಿಕೊಂಡು ಬಂದವನು ಅವನು. ಪೆಟ್ಟು ಜಾಸ್ತಿ ಬಿದ್ದಿದ್ದು ಅವನಿಗೆ. ಹಾಗಂತ ಸ್ವಿಫ್ಟ್‌ನನ್ನೂ ಪೂರ್ತಿ ಒಪ್ಪಲ್ಲ ನಾನು, ಅವಳ ಕೋಣೆಯ ಗಲೀಜನ್ನು ಅಷ್ಟುದ್ದ ಎಣಿಸಬೇಕಿರಲಿಲ್ಲ. 1734ರಲ್ಲೇ ಮೇರಿ ವೋರ್ಟ್ಲಿ ಮಾಂಟಗು ಅನ್ನೋ ಹೆಂಗಸು ಅವನನ್ನೇ ಗೇಲಿ ಮಾಡಿ ಕವಿತೆಯಲ್ಲೇ ಉತ್ತರ ಕೊಟ್ಟಳು. ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಬೆಂಗಳೂರು ತಮ್ಮ: ಶೇಕ್ಸ್‌ಪಿಯರ್ ಬರೆದಿದ್ದು ಇದಕ್ಕೆ ಉಲ್ಟಾ ಅಲ್ವಾ ಅಕ್ಕ?

ಶಿವಮೊಗ್ಗದ ಅಕ್ಕ: ಹೌದು. 1609ರಲ್ಲಿ ಅಚ್ಚಾದ ಸಾನೆಟ್. ನನ್ನವಳ ಕಣ್ಣು ಸೂರ್ಯನ ಹಾಗಿಲ್ಲ, ತುಟಿಗಿಂತ ಹವಳವೇ ಕೆಂಪು, ಕೆನ್ನೆಯಲ್ಲಿ ಗುಲಾಬಿಯೂ ಇಲ್ಲ, ಆದರೂ ನನ್ನ ಪ್ರೀತಿಗೆ ಸಾಟಿ ಇಲ್ಲ ಅನ್ನುತ್ತಾನೆ. ಸುಳ್ಳು ಹೋಲಿಕೆ ಕೊಟ್ಟು ಹೊಗಳುವ ಕವಿಗಳನ್ನು ಆಡಿಕೊಂಡಿದ್ದು ಅದು. ಮತ್ತೆ ದೊಡ್ಡಪ್ಪ, ಅಕ್ಕಮಹಾದೇವಿಯ ರೂಪಕ್ಕೆ ಮರುಳಾಗಿ ರಾಜನೊಬ್ಬ ಹಿಂದೆ ಬಿದ್ದಿದ್ದ ಅನ್ನೋ ಕಥೆ ನಿಮಗೂ ಗೊತ್ತು. ಆ ವಚನದ ಕೊನೆಗೆ ಅವಳು ‘ಮರುಳೆ’ ಅಂತ ಕರೆದಿದ್ದು ದೇಹಕ್ಕೆ ಅಂಟಿಕೊಂಡವನನ್ನು. ಅದನ್ನು ತಂದು ಪಾರ್ಲರಿಗೆ ಹೋಗುವ ಹುಡುಗಿಯರ ತಲೆಗೆ ಕಟ್ಟಬೇಡಿ.

ದೊಡ್ಡಪ್ಪ: ನನಗೆ ವಚನ ಹೇಳಿಕೊಡುವಷ್ಟು ದೊಡ್ಡವಳಾದೆಯಾ.

ಶಿವಮೊಗ್ಗದ ಅಕ್ಕ: ಗುಣ ಮುಖ್ಯ ಅಂದಿರಲ್ಲ, ನನ್ನನ್ನು ನೋಡಲು ಬಂದವರ ಎದುರೇ ‘ಬಣ್ಣ ಸ್ವಲ್ಪ ಕಡಿಮೆ, ಉಳಿದಂತೆ ಹುಡುಗಿ ಚುರುಕು’ ಅಂದವರು ಯಾರು? ತಟ್ಟೆ ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ.

ಹೊಸನಗರ ಚಿಕ್ಕಪ್ಪ: ಅವತ್ತು ಕಾಯಿಕಡುಬು ಮಾತ್ರ ಬಹಳ ಚೆನ್ನಾಗಿತ್ತು.

ಬೆಂಗಳೂರು ತಮ್ಮ: ಚಿಕ್ಕಪ್ಪ!!

ಸಾಗರದ ಭಾವ: ಹಳೆಯದನ್ನು ಈಗ ಯಾಕೆ ಕೆದಕುವುದು.

ಶಿವಮೊಗ್ಗದ ಅಕ್ಕ: ಹಳೆಯದಲ್ಲ ಭಾವ. ಮೊನ್ನೆ ಇದೇ ಗ್ರೂಪಿಗೆ ಪುಟ್ಟಿಯ ಬಯೋಡಾಟಾ ಹಾಕಿದಿರಿ. ಅವಳು ಎಂಎಸ್ಸಿ ಓದಿದ್ದು ಕೆಳಗಿದೆ, ‘ಎಣ್ಣೆಗೆಂಪು ಬಣ್ಣ, ಲಕ್ಷಣವಂತೆ’ ಮೇಲಿದೆ.

ಸಾಗರದ ಭಾವ: ಎಲ್ಲರೂ ಹಾಗೇ ಹಾಕುತ್ತಾರೆ.

ದೊಡ್ಡಮ್ಮ: ಬಣ್ಣದ ಸಾಲು ತೆಗೆಯಿರಿ. ಅವತ್ತು ಇವರು ಆ ಮಾತು ಅಂದಾಗ ನಾನೂ ಸುಮ್ಮನಿದ್ದೆ, ಈಗ ಸುಮ್ಮನಿರಲ್ಲ.

ದೊಡ್ಡಪ್ಪ: (ಈ ಸಂದೇಶವನ್ನು ಅಳಿಸಲಾಗಿದೆ)

ಸಾಗರದ ಭಾವ: ಸರಿ ದೊಡ್ಡಮ್ಮ. ‘ಲಕ್ಷಣವಂತೆ’ ಇರಲಿ ತಾನೆ?

ಪುಟ್ಟಿ: ಅದೂ ಬೇಡ ಅಪ್ಪ. ಫೈಲ್ ನನಗೆ ಕಳಿಸಿ, ನಾನೇ ಬರೆದುಕೊಳ್ಳುತ್ತೇನೆ.