ಡುಲೂತ್‌ಗೆ ಹೋಗ್ತಿದ್ದೇವೆ: ಮನೆ ಗುಡ್ಡದ ಮೇಲೋ, ಸರೋವರದ ಹತ್ತಿರವೋ?

ಪುಟ್ಟಿಯ ಅಮ್ಮ:
ನಮಸ್ಕಾರ ಎಲ್ಲರಿಗೂ. ನಮ್ಮ ಮನೆಯವರಿಗೆ ಮಿನೆಸೋಟದ ಡುಲೂತ್‌ನಲ್ಲಿ ಕೆಲಸ ಸಿಕ್ಕಿದೆ. ಜನವರಿ ಕೊನೆಗೆ ಹೊರಡಬೇಕು. ಇಷ್ಟು ವರ್ಷ ಡಲ್ಲಾಸ್‌ನಲ್ಲೇ ಇದ್ದವರು, ಹಿಮದಲ್ಲಿ ಗಾಡಿ ಓಡಿಸಿ ಅಭ್ಯಾಸವಿಲ್ಲ, ಜೊತೆಗೆ ಐದು ವರ್ಷದ ಮಗಳು. ಎರಡು ಬಾಡಿಗೆ ಮನೆ ನೋಡಿಟ್ಟಿದ್ದೇವೆ. ಒಂದು ಇಳಿಜಾರಿನಲ್ಲಿದೆ, ಕಿಟಕಿಯಿಂದ ಸರೋವರ ಕಾಣುತ್ತದೆ, ಆದರೆ ಗ್ಯಾರೇಜ್ ಇಲ್ಲ. ಇನ್ನೊಂದು ಗುಡ್ಡದ ಮೇಲೆ, ಗ್ಯಾರೇಜ್ ಇದೆ. ನನಗೆ ನೀರು ಕಾಣುವ ಮನೆಯ ಮೇಲೇ ಆಸೆ. ಏನ್ ಹೇಳ್ತೀರಿ?

ಉತ್ತರದ ಗಾಳಿ:
ಗ್ಯಾರೇಜ್ ಇರುವುದನ್ನೇ ಹಿಡಿಯಿರಿ ಮೇಡಂ. ನಾವು ಮೊದಲ ಚಳಿಗಾಲ ಇಳಿಜಾರಿನಲ್ಲೇ ಇದ್ದೆವು. ಅಲ್ಲಿ ಅವೆನ್ಯೂಗಳು ನೇರ ಸರೋವರದ ಕಡೆಗೇ ಇಳಿಯುತ್ತವೆ. ಒಂದು ಬೆಳಿಗ್ಗೆ ಸ್ಟಾಪ್ ಸೈನ್ ಹತ್ತಿರ ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲಿಲ್ಲ, ನಿಧಾನವಾಗಿ ಅಡ್ಡಡ್ಡ ಜಾರುತ್ತಾ ನಾಲ್ಕು ರಸ್ತೆ ಕೂಡುವ ಕಡೆ ಮಧ್ಯಕ್ಕೇ ಹೋಗಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗ "ಅಪ್ಪಾ, ನಿಲ್ಸು" ಅಂತಿದ್ದ. ಯಾರೂ ಬರುತ್ತಿರಲಿಲ್ಲ, ಅದೇ ಪುಣ್ಯ. ಅವತ್ತೇ ವಿಂಟರ್ ಟೈರ್ ಹಾಕಿಸಿದೆ. ಆಲ್ ಸೀಸನ್ ಸಾಕು ಅನ್ನುವವರ ಮಾತು ಕೇಳಬೇಡಿ.

ರಸ್ತೆಯಲ್ಲಿ ಗಾಡಿ ನಿಲ್ಲಿಸುವುದೂ ಸುಲಭವಲ್ಲ. ಎಷ್ಟೋ ರಸ್ತೆಗಳಲ್ಲಿ ಒಂದು ವಾರ ಈ ಬದಿ, ಮುಂದಿನ ವಾರ ಆ ಬದಿ. ಭಾನುವಾರ ಸಂಜೆ 4ರಿಂದ 8ರೊಳಗೆ ಬದಲಾಯಿಸಬೇಕು. ಮರೆತರೆ ದಂಡ.

ಕೆನಾಲ್ ಪಾರ್ಕ್ ಅಕ್ಕ:
ಅವರು ಹೇಳಿದ್ದು ಸರಿ, ಆದರೆ ಗುಡ್ಡದ ಮೇಲೆ ಹಿಮ ಜಾಸ್ತಿ ಬೀಳುತ್ತದೆ, ಅದೂ ಗೊತ್ತಿರಲಿ. ಬೇಸಿಗೆ ಶುರುವಿನಲ್ಲಿ ಮಾತ್ರ ಮೇಲಿನವರೇ ಬೆಚ್ಚಗಿರುತ್ತಾರೆ. ಸುಪೀರಿಯರ್ ಸರೋವರದ ನೀರು ಅಷ್ಟು ತಣ್ಣಗೆ! ಜೂನ್‌ನಲ್ಲಿ ಮೇಲೆ ತೆಳು ಅಂಗಿ ಹಾಕಿಕೊಂಡು ಹೊರಟವಳು ಕೆಳಗೆ ಬಂದು ಜಾಕೆಟ್ ಹುಡುಕಿದ್ದೇನೆ.

ನೀರಿನ ಆಸೆ ಬಿಡಬೇಡಿ. ಇಳಿದು ಬಂದರೆ ಕೆನಾಲ್ ಪಾರ್ಕ್ ಇದೆ. ಅದಿರು ತುಂಬಿಕೊಳ್ಳಲು ಸಾವಿರ ಅಡಿ ಉದ್ದದ ಹಡಗು ಬರುತ್ತದೆ. 1905ರಲ್ಲಿ ಕಟ್ಟಿ, 1930ರ ಹೊತ್ತಿಗೆ ಮೇಲೇಳುವ ಹಾಗೆ ಬದಲಾಯಿಸಿದ ಲಿಫ್ಟ್ ಬ್ರಿಡ್ಜ್ ಅಲ್ಲಿದೆ, ಅದರ ರಸ್ತೆಗೆ ರಸ್ತೆಯೇ ಮಟ್ಟಸವಾಗಿ ಮೇಲೇಳುತ್ತದೆ. ಹಡಗು ಹಾರ್ನ್ ಹೊಡೆದರೆ ಸೇತುವೆಯೂ ತಿರುಗಿ ಹೊಡೆಯುತ್ತದೆ, ಆ ಸದ್ದು ಎದೆಗೇ ತಾಗುತ್ತದೆ. ಮಗಳು ಕಿವಿ ಮುಚ್ಚಿಕೊಂಡು ಕುಣಿಯುತ್ತಾಳೆ ನೋಡಿ. ಆದರೆ ಜನವರಿ 15ರಿಂದ ಮಾರ್ಚ್ 25ರವರೆಗೆ ಸೂ ಲಾಕ್ಸ್, ಅಂದರೆ ಬೇರೆ ಸರೋವರಗಳಿಂದ ಹಡಗನ್ನು ಸುಪೀರಿಯರ್ ಮಟ್ಟಕ್ಕೆ ಏರಿಸುವ ನೀರಿನ ಗೇಟುಗಳು, ಮುಚ್ಚಿರುತ್ತದೆ, ಆಗ ಹಡಗು ಕಾಣುವುದು ಕಷ್ಟ.

ಬೇಳೆ, ಮಸಾಲೆಗೆ ನಾವು ಮಿನಿಯಾಪೊಲಿಸ್ ಕಡೆ ಹೋದಾಗ ತಿಂಗಳಿಗಾಗುವಷ್ಟು ತರುತ್ತೇವೆ. ಎರಡೂವರೆ ಗಂಟೆ ದಾರಿ. ಮೇಪಲ್ ಗ್ರೋವ್‌ನ ದೇವಸ್ಥಾನವೂ ಅದೇ ಸುತ್ತಿನಲ್ಲಿ ಆಗುತ್ತದೆ.

ಪುಟ್ಟಿಯ ಅಮ್ಮ:
ತುಂಬಾ ಥ್ಯಾಂಕ್ಸ್ ಅಕ್ಕ, ಸರ್. ಇವರಿಗೂ ಓದಿ ಹೇಳಿದೆ. ಗ್ಯಾರೇಜ್ ಮನೆಗೇ ಹೂಂ ಅಂದಿದ್ದೇವೆ. ಹಡಗು ಯಾವತ್ತು ಬರುತ್ತದೆ ಅಂತ ಮಗಳು ಈಗಲೇ ಶುರು ಮಾಡಿದ್ದಾಳೆ.