ಮಿಡ್‌ಟರ್ಮ್‌ನಲ್ಲಿ 100ಕ್ಕೆ 52 ಬಂದಿದೆ. ಕೋರ್ಸ್ ಬಿಡಲಾ, ಇಟ್ಟುಕೊಳ್ಳಲಾ?

ತುಮಕೂರು_ಹುಡುಗ:

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬಂದೆ. ಕಂಪ್ಯೂಟರ್ ಸೈನ್ಸ್ ಎಂಎಸ್, ಮೊದಲ ಸೆಮಿಸ್ಟರ್. ತಲಾ 3 ಕ್ರೆಡಿಟ್‌ನ ಮೂರು ಕೋರ್ಸ್ ತೆಗೆದುಕೊಂಡಿದ್ದೇನೆ. ಎರಡು ಪರವಾಗಿಲ್ಲ. ಮೂರನೆಯದು ಅಲ್ಗಾರಿದಮ್ಸ್. ನಿನ್ನೆ ಮಿಡ್‌ಟರ್ಮ್ ಮಾರ್ಕ್ಸ್ ಬಂತು, 100ಕ್ಕೆ 52. ಊರಲ್ಲಿ ಬಿಇ ಓದುವಾಗ ಇದೇ ಸಬ್ಜೆಕ್ಟ್‌ನಲ್ಲಿ 80ರ ಮೇಲೆ ಬಂದಿತ್ತು. ಅದಕ್ಕೇ ಜಾಸ್ತಿ ಬೇಜಾರು.

ಜಿಪಿಎ (ಎಲ್ಲ ಕೋರ್ಸುಗಳ ಗ್ರೇಡಿನ ಸರಾಸರಿ) 3.0ಕ್ಕಿಂತ ಕೆಳಗೆ ಹೋದರೆ ಪ್ರೊಬೇಷನ್, ಅಂದ್ರೆ ಎಚ್ಚರಿಕೆ ಪಟ್ಟಿ, ಅಂತ ಹ್ಯಾಂಡ್‌ಬುಕ್‌ನಲ್ಲಿದೆ. 52 ಅಂದ್ರೆ ಇಲ್ಲಿ ಎಫ್, ಫೇಲ್ ತಾನೇ? ಡ್ರಾಪ್ ಮಾಡುವುದಕ್ಕೆ ಮುಂದಿನ ಶುಕ್ರವಾರ ಕೊನೆ. ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಡಬ್ಲ್ಯೂ (ಮಧ್ಯದಲ್ಲಿ ಬಿಟ್ಟ ಗುರುತು) ಬೀಳುತ್ತಂತೆ. ರೀವ್ಯಾಲ್ಯೂಯೇಷನ್‌ಗೆ ಹಾಕಬಹುದಾ? ಇನ್ನೊಂದು, ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಯೂನಿವರ್ಸಿಟಿಯವರೇ ಮನೆಗೆ ತಿಳಿಸಿಬಿಡುತ್ತಾರಾ? ಗೊತ್ತಿರುವವರು ದಯವಿಟ್ಟು ಹೇಳಿ.

ಸೀನಿಯರ್_ಬಸ್ಯಾ:

ಡಬ್ಲ್ಯೂ ಜಿಪಿಎಗೆ ಲೆಕ್ಕ ಇಲ್ಲ ಮಗಾ. ಸುಮ್ನೆ ಟೆನ್ಷನ್ ಯಾಕೆ, ಇವತ್ತೇ ಬಿಟ್ಟು ಹಾಕು. ಮುಂದಿನ ಸಲ ಧಾರಾಳವಾಗಿ ಮಾರ್ಕ್ಸ್ ಕೊಡುವ ಪ್ರೊಫೆಸರ್ ಹತ್ತಿರ ತಗೋ.

ದಾವಣಗೆರೆ_ಅಕ್ಕ:

ತಡೀರಿ ತಮ್ಮಾ, ಇವತ್ತೇ ಏನೂ ಬಿಡಬೇಡಿ.

ಡಬ್ಲ್ಯೂ ಜಿಪಿಎಗೆ ಸೇರುವುದಿಲ್ಲ, ನಿಜ. ಆದರೆ ನೀವು ಎಫ್-1 ವೀಸಾದಲ್ಲಿ ಬಂದಿರಬೇಕು, ಅಲ್ವಾ? ಎಂಎಸ್‌ನವರಿಗೆ ಸಾಮಾನ್ಯವಾಗಿ 9 ಕ್ರೆಡಿಟ್ ಅಂದ್ರೆ ಫುಲ್ ಟೈಮ್. ಒಂದು ಕೋರ್ಸ್ ಹೋದರೆ 6 ಉಳಿಯಿತು. ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಇಲ್ಲದೆ ಹಾಗೆ ಇಳಿದರೆ ವೀಸಾ ಸ್ಟೇಟಸ್ಸಿಗೇ ಸಂಚಕಾರ. ಕೆಟ್ಟ ಜಿಪಿಎಯನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಎತ್ತಬಹುದು, ಕೆಟ್ಟ ಸ್ಟೇಟಸ್ ರಿಪೇರಿ ಮಾಡಿಸುವುದು ಬೇಡವೇ ಬೇಡ. ಬಿಡಲೇಬೇಕು ಅಂತಾದರೆ ಅದಕ್ಕೂ ದಾರಿ ಇದೆ. ಹೊಸದಾಗಿ ಬಂದವರಿಗೆ ಇಲ್ಲಿನ ಪಾಠದ ರೀತಿ ಒಗ್ಗಲಿಲ್ಲ, ಇಲ್ಲವೇ ಕೋರ್ಸಿನ ಮಟ್ಟ ಹೊಂದಲಿಲ್ಲ ಅಂತಾದರೆ ಕಡಿಮೆ ಕ್ರೆಡಿಟ್‌ಗೆ ಅನುಮತಿ ಕೊಡಬಹುದು ಅಂತ ವೀಸಾ ನಿಯಮದಲ್ಲೇ ಇದೆ. ಈ ಕಾರಣಕ್ಕೆ ಒಂದು ಡಿಗ್ರಿಗೆ ಒಂದೇ ಸಲ. 6ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಮುಂದಿನ ಸೆಮಿಸ್ಟರ್ ಮತ್ತೆ ಫುಲ್ ಟೈಮ್ ಓದಬೇಕು. ಅನುಮತಿ ಮೊದಲು, ಡ್ರಾಪ್ ಆಮೇಲೆ. ಹಿಂದುಮುಂದಾಗುವಂತಿಲ್ಲ.

ಈಗ 52ರ ವಿಷಯಕ್ಕೆ ಬರೋಣ. ನಾನು ಪಿಎಚ್‌ಡಿ ಮಾಡುತ್ತಾ ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿದ್ದೇನೆ, ಪೇಪರ್ ತಿದ್ದುವುದೇ ಹೊಟ್ಟೆಪಾಡು. ಇಷ್ಟುದ್ದ ಬರೆದಿದ್ದೀರಿ, ಕ್ಲಾಸಿನ ಸರಾಸರಿ ಎಷ್ಟು ಅಂತ ಮಾತ್ರ ಬರೆದಿಲ್ಲ! ಅದು ಗೊತ್ತಿಲ್ಲದೆ 52 ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಹೇಗೆ? ಊರಲ್ಲಿ ಪೇಪರ್ ತೆಗೆಯುವವರು ಒಬ್ಬರು, ತಿದ್ದುವವರು ಇನ್ನೊಬ್ಬರು, ಪಾಸಿನ ಗೆರೆ ಮೊದಲೇ ಹಾಕಿರುತ್ತದೆ. ಇಲ್ಲಿ ಪಾಠ ಮಾಡಿದವರೇ ಪೇಪರ್ ತೆಗೆಯುತ್ತಾರೆ, ಗ್ರೇಡೂ ಅವರದ್ದೇ. ಎಷ್ಟೋ ಜನ ಪ್ರೊಫೆಸರ್‌ಗಳು ಯಾರಿಗೂ ನೂರಕ್ಕೆ ನೂರು ಬರಬಾರದು ಅಂತಲೇ ಪೇಪರ್ ತೆಗೆಯುವುದು.

ನಾನು ಕೆಲಸ ಮಾಡುವ ಕೋರ್ಸಿನಲ್ಲಿ ನಡೆಯುವುದು ಹೀಗೆ. ಸೆಮಿಸ್ಟರ್ ಕೊನೆಗೆ ಪ್ರೊಫೆಸರ್ ಎಕ್ಸೆಲ್ ಶೀಟ್ ತೆಗೆದು ಒಟ್ಟು ಮಾರ್ಕ್ಸನ್ನು ಮೇಲಿಂದ ಕೆಳಗೆ ಜೋಡಿಸುತ್ತಾರೆ. ಹೆಸರಿನ ಕಾಲಂ ಮುಚ್ಚಿರುತ್ತದೆ. 81, 80, 79, 79, ಆಮೇಲೆ ಒಮ್ಮೆಗೇ 74. ಆ ಸಂದಿಯಲ್ಲಿ ಗೆರೆ ಬೀಳುತ್ತದೆ. ಮೇಲಿನವರಿಗೆ ಎ, ಕೆಳಗಿನವರಿಗೆ ಎ ಮೈನಸ್. ಮುಂದಿನ ಸಂದಿ ಸಿಗುವವರೆಗೆ ಮತ್ತೆ ಕೆಳಗೆ ಹೋಗುತ್ತಾರೆ. 79ಕ್ಕೂ 78.6ಕ್ಕೂ ನಡುವೆ ಗೆರೆ ಎಳೆದರೆ ಮಾರನೇ ದಿನ ಬಾಗಿಲ ಮುಂದೆ ಕ್ಯೂ ನಿಲ್ಲುತ್ತದೆ ಅಂತ ಅವರಿಗೂ ಗೊತ್ತು. ಎಲ್ಲರೂ ಹೀಗೇ ಮಾಡುವುದಿಲ್ಲ. 90ಕ್ಕೆ ಎ, 80ಕ್ಕೆ ಬಿ ಅಂತ ಮೊದಲೇ ಬರೆದುಕೊಟ್ಟು ಅಲ್ಲಾಡದವರೂ ಇದ್ದಾರೆ. ನಿಮ್ಮವರು ಯಾವ ಜಾತಿ ಅಂತ ಸಿಲೆಬಸ್‌ನಲ್ಲಿ ಇರುತ್ತದೆ, ನೋಡಿ. ಮಿಡ್‌ಟರ್ಮ್‌ಗೆ ಎಷ್ಟು ಪರ್ಸೆಂಟ್ ತೂಕ ಅಂತಲೂ ಅಲ್ಲೇ ಇರುತ್ತದೆ. 25 ಪರ್ಸೆಂಟ್ ಅಂತಾದರೆ ನೀವು ಕಳೆದುಕೊಂಡಿರುವುದು ಒಟ್ಟು ನೂರರಲ್ಲಿ 12 ಮಾತ್ರ.

ರೀವ್ಯಾಲ್ಯೂಯೇಷನ್: ಫೀ ಕಟ್ಟಿ, ಫೋಟೋಕಾಪಿ ತರಿಸಿ, ತಿಂಗಳು ಕಾಯುವ ಪದ್ಧತಿ ಇಲ್ಲಿಲ್ಲ. ನಿಮ್ಮ ಕ್ಲಾಸಿನಲ್ಲಿ ಗ್ರೇಡ್‌ಸ್ಕೋಪ್ ಅನ್ನುವ ಆನ್‌ಲೈನ್ ಪೇಪರ್ ತಿದ್ದುವ ವ್ಯವಸ್ಥೆ ಬಳಸುತ್ತಿದ್ದರೆ ಸ್ಕ್ಯಾನ್ ಆದ ಪೇಪರ್ ಅಲ್ಲೇ ಕಾಣುತ್ತದೆ, ಎಲ್ಲೆಲ್ಲಿ ಎಷ್ಟು ಹೋಯಿತು ಅಂತಲೂ ಕಾಣುತ್ತದೆ. 'ಬೇಸ್ ಕೇಸ್ ಬರೆದಿಲ್ಲ, ಮೈನಸ್ 2' ಅಂತ ನಾವು ಒಂದು ಸಾಲು ಹಾಕಿಟ್ಟರೆ, ಆ ತಪ್ಪು ಮಾಡಿದ ಎಲ್ಲರಿಗೂ ಅದೇ 2 ಹೋಗುತ್ತದೆ. ಪ್ರೊಫೆಸರ್ ಅದನ್ನು 1 ಮಾಡಿದರೆ ಎಲ್ಲರಿಗೂ ಒಂದು ವಾಪಸ್. ಅಲ್ಲಿಂದಲೇ ರೀಗ್ರೇಡ್ ಕೇಳಬಹುದು. 'ತುಂಬಾ ಕಷ್ಟಪಟ್ಟಿದ್ದೆ, ದಯವಿಟ್ಟು ನೋಡಿ' ಅಂತ ಬರೆದರೆ ನನ್ನಿಂದಲೂ ಏನೂ ಮಾಡಲಾಗುವುದಿಲ್ಲ. 'ಮೂರನೇ ಪ್ರಶ್ನೆ, ಬಿ ಭಾಗ, ಎರಡನೇ ಸಾಲಿನಲ್ಲೇ ಬೇಸ್ ಕೇಸ್ ಇದೆ' ಅಂತ ಬರೆದರೆ ಎರಡು ನಿಮಿಷದಲ್ಲಿ ಮಾರ್ಕ್ಸ್ ವಾಪಸ್. ಇದಕ್ಕೆ ಕೊನೇ ದಿನ ಬೇಗ ಬರುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ.

ಮನೆಗೆ ಯಾರೂ ಕಾಗದ ಹಾಕುವುದಿಲ್ಲ. ಫೆರ್ಪಾ ಅಂತ 1974ರ ಕಾಯ್ದೆ ಇದೆ. ಕಾಲೇಜಿಗೆ ಸೇರಿದ ಮೇಲೆ ಮಾರ್ಕ್ಸ್ ವಿಷಯದ ಹಕ್ಕು ವಿದ್ಯಾರ್ಥಿಯದ್ದೇ. ನಿಮ್ಮಪ್ಪ ಫೋನ್ ಮಾಡಿ ಕೇಳಿದರೂ ನಾವು ಬಾಯಿ ಬಿಡುವಂತಿಲ್ಲ. ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕಿ ಮಾರ್ಕ್ಸ್ ಅಂಟಿಸುವುದೂ ಇಲ್ಲ. ಮನೆಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ತುಮಕೂರು_ಹುಡುಗ:

ಅಕ್ಕಾ, ತುಂಬಾ ಥ್ಯಾಂಕ್ಸ್. ಈಗ ನೋಡಿದೆ, ಸರಾಸರಿ 47! ಮಿಡ್‌ಟರ್ಮ್‌ಗೆ 30 ಪರ್ಸೆಂಟ್. 'ಅಂತಿಮ ಗ್ರೇಡ್ ಗಡಿಗಳನ್ನು ಕೊನೆಯಲ್ಲಿ ನಿರ್ಧರಿಸಲಾಗುವುದು' ಅಂತ ಸಿಲೆಬಸ್‌ನಲ್ಲಿದೆ. ಹೌದು, ಎಫ್-1. ಸ್ವಲ್ಪ ಜೀವ ಬಂತು. ಆದರೂ ಕೇಳುತ್ತೇನೆ, ಕೊನೆಗೆ ಸಿ ಬಂದುಬಿಟ್ಟರೆ ಕಥೆ ಮುಗಿಯಿತಾ? ಉಳಿದೆರಡರಲ್ಲಿ ಒಂದು ಎ ಮೈನಸ್, ಒಂದು ಬಿ ಬರಬಹುದು.

ದಾವಣಗೆರೆ_ಅಕ್ಕ:

ಸರಾಸರಿಗಿಂತ 5 ಜಾಸ್ತಿ ಇಟ್ಟುಕೊಂಡು ಎಫ್ ಅಂತ ಅಳುತ್ತಿದ್ದೀರಲ್ಲ ಮಾರಾಯ್ರೇ! ಗಡಿ ಕೊನೆಗೆ ಹಾಕುವವರು ಅಂದರೆ ಎಕ್ಸೆಲ್ ಶೀಟಿನವರೇ. ಎಂಎಸ್ ಕ್ಲಾಸುಗಳಲ್ಲಿ ಮಧ್ಯದಲ್ಲಿರುವವರಿಗೆ ಬಿ ಆಸುಪಾಸು ಸಿಗುವುದೇ ಜಾಸ್ತಿ. ಸಿ ಅನ್ನುವುದು ಇಲ್ಲಿ ಎಚ್ಚರಿಕೆಯ ಗಂಟೆ.

ಸಿ ಬಂತು ಅಂತಲೇ ಇಟ್ಟುಕೊಳ್ಳಿ. ಎ ಮೈನಸ್‌ಗೆ 3.7, ಬಿಗೆ 3.0, ಸಿಗೆ 2.0. ಒಂದೊಂದನ್ನೂ 3 ಕ್ರೆಡಿಟ್‌ನಿಂದ ಗುಣಿಸಿದರೆ 11.1, 9, 6. ಒಟ್ಟು 26.1. 9ರಿಂದ ಭಾಗಿಸಿದರೆ 2.9. ಪ್ರೊಬೇಷನ್ ಪತ್ರ ಬರುತ್ತದೆ. ಮುಂದಿನ ಸೆಮಿಸ್ಟರ್ ಮುಗಿದಾಗ 18 ಕ್ರೆಡಿಟ್‌ಗೆ 54 ಪಾಯಿಂಟ್ ಇರಬೇಕು. ಅಂದರೆ ಇನ್ನು 27.9. ಒಂದು ಬಿ ಪ್ಲಸ್ (3.3), ಎರಡು ಬಿ ಬಂದರೆ ಲೆಕ್ಕ ಚುಕ್ತಾ. ಸಿ ಬದಲು ಸಿ ಪ್ಲಸ್ (2.3) ಬಂದರೂ ಸಾಕು, ಒಟ್ಟು ಸರಿಯಾಗಿ 27, ಜಿಪಿಎ 3.0. ಪತ್ರವೇ ಬರುವುದಿಲ್ಲ.

ಥೀಸಿಸ್ ಮಾಡುವ ಯೋಚನೆ ಇದ್ದರೆ ಒಂದು ಮಾತು. ಥೀಸಿಸ್ ಕ್ರೆಡಿಟ್‌ಗೆ ಬಹಳ ಕಡೆ ತೃಪ್ತಿಕರ ಅಥವಾ ಅಲ್ಲ ಅಂತಷ್ಟೇ ಕೊಡುತ್ತಾರೆ, ಜಿಪಿಎಗೆ ಸೇರುವುದಿಲ್ಲ. ಬಿದ್ದ ಜಿಪಿಎಯನ್ನು ಅದರಿಂದ ಎತ್ತಲಾಗುವುದಿಲ್ಲ. ಕೋರ್ಸುಗಳಲ್ಲೇ ಎತ್ತಬೇಕು.

ಮಲೆನಾಡು_ಇನ್_ಮಿನ್ನೆಸೋಟ:

ಅಕ್ಕನ ಲೆಕ್ಕ ಸರಿ, ಆದರೆ ಎಲ್ಲ ಕಡೆಗೂ ಒಂದೇ ಕೋಷ್ಟಕ ಹಿಡಿಯಬೇಡಿ. ಎಂಐಟಿಯಲ್ಲಿ ಎ ಅಂದರೆ 5. ಜಾರ್ಜಿಯಾ ಟೆಕ್‌ನಲ್ಲಿ ಪ್ಲಸ್ ಮೈನಸ್ ಇಲ್ಲವೇ ಇಲ್ಲ, ಬಿ ಅಂಚಿನಲ್ಲಿ ಬಂದರೂ ದಂಡಿಯಾಗಿ ಬಂದರೂ 3.0. ಎಷ್ಟೋ ಕಡೆ ಸಿ ಮೈನಸ್ ಬಂದರೆ ಆ ಕೋರ್ಸ್ ಡಿಗ್ರಿಗೆ ಲೆಕ್ಕಕ್ಕೇ ಇಲ್ಲ. ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಮುಂದೆ ಟಿಎ ಕೆಲಸಕ್ಕೆ ಅರ್ಜಿ ಹಾಕುವ ಆಸೆ ಇದ್ದರೆ ಅಲ್ಲೂ 3.0 ಕೇಳುತ್ತಾರೆ. ಪ್ರೊಬೇಷನ್‌ನಲ್ಲಿ ಓದು ಮುಂದುವರಿಸಬಹುದು, ಆದರೆ ಆ ಸೆಮಿಸ್ಟರ್ ಟಿಎ ಕೆಲಸದ ಜೊತೆ ಬರುವ ಟ್ಯೂಷನ್ ಫೀ ಮಾಫಿ ಸಿಗುವುದು ಕಷ್ಟ. ಸಾಲ ಇರುವವರಿಗೆ ಗ್ರೇಡಿಗಿಂತ ಇದೇ ದೊಡ್ಡ ಹೊಡೆತ.

ತುಮಕೂರು_ಹುಡುಗ:

ಡ್ರಾಪ್ ಯೋಚನೆ ಸದ್ಯಕ್ಕೆ ಬಿಟ್ಟೆ. ಗುರುವಾರ ಪ್ರೊಫೆಸರ್ ಆಫೀಸ್ ಅವರ್ಸ್‌ಗೆ (ವಿದ್ಯಾರ್ಥಿಗಳನ್ನು ಭೇಟಿ ಮಾಡುವ ಸಮಯ) ಹೋಗುತ್ತೇನೆ. ಏನು ಕೇಳಬೇಕು ಅಕ್ಕಾ? ಮುಖ ನೋಡಿದರೆ ಭಯ ಆಗುತ್ತದೆ.

ದಾವಣಗೆರೆ_ಅಕ್ಕ:

ಪೇಪರ್ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಜಾಸ್ತಿ ಮಾರ್ಕ್ಸ್ ಹೋಗಿರುವ ಪ್ರಶ್ನೆಯನ್ನು ಮನೆಯಲ್ಲೇ ಮತ್ತೆ ಬಿಡಿಸಿ, ಎಲ್ಲಿ ನಿಂತಿತೋ ಅದನ್ನು ತೋರಿಸಿ. ಅವರ ಮುಖ ಅರಳುವುದು ಆಗಲೇ. ಆಮೇಲೆ ನೇರವಾಗಿ ಕೇಳಿ: 'ಇದೇ ರೀತಿ ಮುಂದುವರಿದರೆ ನನಗೆ ಬಿ ಸಿಗುವ ಸಾಧ್ಯತೆ ಇದೆಯಾ?' ಮಾರ್ಕ್ಸ್ ಕೊಡಿ ಅಂತ ಕೇಳಿದ ಹಾಗಲ್ಲ ಅದು, ಎಲ್ಲರೂ ಕೇಳುತ್ತಾರೆ. ಇಲ್ಲ ಅಂದರೆ ಶುಕ್ರವಾರದ ಒಳಗೆ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಲು ಇನ್ನೂ ಟೈಮ್ ಇರುತ್ತದೆ. ಅವರಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ತಡ, ಇವತ್ತೇ ಬುಕ್ ಮಾಡಿಡಿ. ಬೇಡವಾದರೆ ಕ್ಯಾನ್ಸಲ್ ಮಾಡಿದರಾಯಿತು.