ಉಸಿರು ಕಟ್ಟಬಾರದು ಅಂತ ಅವನಿಗೆ ಹೇಳು

ಸುಮಾ, ರಾತ್ರಿ ನೀನು ಹಾಕಿದ ಮೆಸೇಜ್ ಈಗ ಕಾಫಿ ಕುಡಿಯುತ್ತಾ ನೋಡಿದೆ. ಮಗ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಕಲಿಯಲು ಹೋಗುತ್ತಾನಂತೆ, ಅದೇ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವುದು. ಸರ್ಟಿಫಿಕೇಟ್ ಕೊಡುವ ಸಂಸ್ಥೆ ಯಾವುದು ಅಂದರೆ ಒಬ್ಬರು ಪ್ಯಾಡಿ ಅಂತಾರೆ, ಇನ್ನೊಬ್ಬರು ಎಸ್‌ಎಸ್‌ಐ ಅಂತಾರೆ, ಮೂರನೆಯವರು ಒಂದೇ ದಿನ ಸಾಕು ಅಂತಾರೆ, ಯಾವುದು ಸರಿ ದೊಡ್ಡಪ್ಪ ಅಂತ ಕೇಳಿದ್ದೀಯ. ಟೈಪ್ ಮಾಡಲು ನನ್ನ ಬೆರಳು ಬಗ್ಗುವುದಿಲ್ಲ. ಮಾತಾಡಿಬಿಡುತ್ತೇನೆ, ಕೇಳಿಸಿಕೋ.

ಅವನಿಗೆ ಈಜು ಬರುತ್ತದೆ ಅಂತ ಧೈರ್ಯ ತಂದುಕೊಳ್ಳಬೇಡ. ನನಗೂ ಬರುತ್ತಿತ್ತು. ಗೊರೂರಿನ ಹತ್ತಿರ ಹೇಮಾವತಿಯಲ್ಲಿ ನಾನೂ ನಿಮ್ಮಪ್ಪನೂ ಬಿದ್ದು ಎದ್ದವರು. ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ ಅಂತ ಪಂದ್ಯ ಕಟ್ಟುತ್ತಿದ್ದೆವು. ನಿಮ್ಮಪ್ಪ ಮೂಗು ಹಿಡಿದು ಕೂತರೆ ದಡದವರಿಗೆ ಗಾಬರಿ ಆಗುತ್ತಿತ್ತು. ಆ ವಿದ್ಯೆಯೇ ನನಗೆ ಮುಳುವಾಯಿತು ನೋಡು.

ರಿಟೈರ್ ಆಗುವ ಹಿಂದಿನ ವರ್ಷ ಅಂಡಮಾನ್‌ಗೆ ಹೋದದ್ದು ಎಲ್ಲರಿಗೂ ಗೊತ್ತಲ್ಲ. ಹ್ಯಾವ್‌ಲಾಕ್‌ನಲ್ಲಿ ಅರ್ಧ ಗಂಟೆ ಪಾಠ ಹೇಳಿದರು, ನಾಲ್ಕು ಕೈಸನ್ನೆ ಕಲಿಸಿದರು, ಬೆನ್ನಿಗೆ ಸಿಲಿಂಡರ್ ಕಟ್ಟಿ ಇಳಿಸಿಬಿಟ್ಟರು. ನಿಮ್ಮ ದೊಡ್ಡಮ್ಮ ದಡದಲ್ಲಿ ನನ್ನ ಚಪ್ಪಲಿ ಕಾಯುತ್ತಾ ಕೂತಿದ್ದಳು. ಏಳೆಂಟು ಮೀಟರ್ ಆಳ ಇದ್ದಿರಬೇಕು. ಹಳದಿ ಪಟ್ಟೆಯ ಮೀನು ನೋಡಿ ನಕ್ಕೆನೋ ಏನೋ, ಮೀಸೆ ಸಂದಿಯಿಂದ ಮಾಸ್ಕ್ ಒಳಗೆ ನೀರು ಬಂತು. ಮೊದಲು ಮೂಗಿನವರೆಗೆ, ಆಮೇಲೆ ಕಣ್ಣಿನವರೆಗೆ. ಉಪ್ಪು ನೀರು, ಉರಿ. ಬಾಯಲ್ಲಿ ಗಾಳಿ ಬರುತ್ತಲೇ ಇದೆ! ಆದರೆ ಮೈಗೆ ಗೊತ್ತಿದ್ದದ್ದು ಗೊರೂರಿನ ಪಾಠ. ಉಸಿರು ಬಿಗಿಹಿಡಿದು ಮೇಲಕ್ಕೆ ಒದ್ದೆ. ಜೊತೆಗಿದ್ದ ಹುಡುಗ ಹಿಡಿದೆಳೆದು, ಎದೆ ತಟ್ಟಿ, ಗುಳ್ಳೆ ಬಿಡು ಅಂತ ಸನ್ನೆ ಮಾಡಿದ. ಹಾಗಾಗಿ ಉಳಿದೆ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಉಬ್ಬುತ್ತದೆ. ಬಾಯಿ ಮುಚ್ಚಿದ್ದರೆ ಶ್ವಾಸಕೋಶವೇ ಹರಿಯಬಹುದು. ಉಸಿರು ಕಟ್ಟಬಾರದು ಅಂತ ಅವನಿಗೆ ಹೇಳು.

ಮಾಸ್ಕಿಗೆ ನೀರು ಬಂದರೆ ಮೇಲಿನ ಅಂಚು ಹಣೆಗೆ ಒತ್ತಿ ಹಿಡಿದು ಮೂಗಿನಿಂದ ಊದಬೇಕು, ಅಷ್ಟೇ. ಸರಿಯಾದ ಕೋರ್ಸಿನಲ್ಲಿ ಇದನ್ನು ಆಳವಿಲ್ಲದ ನೀರಿನಲ್ಲೇ ಬೇಜಾರಾಗುವಷ್ಟು ಸಲ ಮಾಡಿಸುತ್ತಾರೆ. ನನಗೆ ಬಾಯಲ್ಲಿ ಹೇಳಿದ್ದರು, ಕೈಗೆ ಬಂದಿರಲಿಲ್ಲ.

ನಾನು ನೀರೊಳಗೆ ಒದ್ದಾಡಿದ್ದನ್ನು ಅಲ್ಲಿಯವರು ವಿಡಿಯೋ ಮಾಡಿದ್ದರು, ಅದಕ್ಕೆ ದುಡ್ಡು ಕೊಟ್ಟವನೂ ನಾನೇ. ಅದನ್ನು ನಿಮ್ಮ ದೊಡ್ಡಮ್ಮನ ತಮ್ಮ ತನ್ನ ಫೋನಿಗೆ ಹಾಕಿಸಿಕೊಂಡು ಊರೆಲ್ಲಾ ತೋರಿಸಿದ. ನಮ್ಮ ಮನೆ ಗೃಹಪ್ರವೇಶದಲ್ಲೇ, ಒಬ್ಬಟ್ಟು ಬಡಿಸುವ ಹೊತ್ತಿಗೆ ಫೋನು ಪಂಕ್ತಿಯುದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಭಾವ ಮೀನಿಗೆ ಹೆದರಿದರು ಅಂತೆ. ಮೀನಿಗಲ್ಲಪ್ಪಾ! ಈ ಗ್ರೂಪಿನಲ್ಲಿ ನಗುವ ಮುಖ ಹಾಕಿದವರು ಯಾರ್ಯಾರು ಅಂತ ನೆನಪಿದೆ ನನಗೆ. ಹೇಗಿದ್ದೀರಿ ಅಂತ ಕೇಳಿದವರು ಒಬ್ಬರೂ ಇಲ್ಲ. ಹೋಗಲಿ ಬಿಡು.

ಹಾಂ, ನೀನು ಕೇಳಿದ್ದು ಸರ್ಟಿಫಿಕೇಟ್ ಅಲ್ವಾ. ಪ್ಯಾಡಿ 1966ರದ್ದು, ಎಸ್‌ಎಸ್‌ಐ 1970ರದ್ದು, ಎರಡೂ ಅಮೆರಿಕದಲ್ಲಿ ಹುಟ್ಟಿದವು. ಓಪನ್ ವಾಟರ್ ಅಂದರೆ ಮೊದಲ ಹಂತದ ಕೋರ್ಸ್, ಅದರ ಕಾರ್ಡ್ ಎರಡರದ್ದೂ 18 ಮೀಟರ್ ಆಳದವರೆಗೆ. ಒಂದರ ಕಾರ್ಡ್ ಇನ್ನೊಂದರವರೂ ಒಪ್ಪುತ್ತಾರೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ಒಂದು ದಿನದ್ದು ಮಾತ್ರ ಬರೀ ರುಚಿ ನೋಡುವುದು, ಅದು ತರಬೇತಿ ಅಲ್ಲ. ಕೋರ್ಸ್ ಅಂದರೆ ಮೂರು ನಾಲ್ಕು ದಿನ, 200 ಮೀಟರ್ ಈಜು, 10 ನಿಮಿಷ ತೇಲುವುದು, ಸಮುದ್ರದಲ್ಲಿ ನಾಲ್ಕು ಡೈವ್. ಇದೆಲ್ಲಾ ಮಾಡಿಸುತ್ತೀರಾ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಹುಡುಗರು ಅಂತ ಕೇಳಿ ದುಡ್ಡು ಕಟ್ಟಲಿ. ಉಸಿರು ಕಟ್ಟಬಾರದು ಅಂತ ಮತ್ತೆ ಹೇಳು.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಭಾನುವಾರ ಡೈವ್ ಮುಗಿಸಿ ಅದೇ ರಾತ್ರಿ ಆಗುಂಬೆ ಹತ್ತಿ ಚಿಕ್ಕಮಗಳೂರಿಗೆ ಬರುತ್ತೇನೆ ಅಂದರೆ ಬೇಡ ಅನ್ನು. ಆಳದಲ್ಲಿ ಮೈಗೆ ಸೇರಿದ ಸಾರಜನಕ ನಿಧಾನಕ್ಕೆ ಹೊರಗೆ ಹೋಗಬೇಕು. ಚಿಕ್ಕಮಗಳೂರು 1000 ಮೀಟರ್‌ಗಿಂತ ಜಾಸ್ತಿ ಎತ್ತರ. ಅವಸರದಲ್ಲಿ ಹತ್ತಿದರೆ ಗೋಲಿ ಸೋಡಾ ಒಡೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳಬಹುದು. ಹಲವು ಸಲ ಇಳಿದವರು ವಿಮಾನ ಹತ್ತಲು 18 ಗಂಟೆ ಕಾಯಬೇಕು ಅಂತಾರಲ್ಲ, ಘಟ್ಟಕ್ಕೂ ಅದೇ ಲೆಕ್ಕ ಇಟ್ಟುಕೋ. ಮುರ್ಡೇಶ್ವರದಲ್ಲೇ ಒಂದು ರಾತ್ರಿ ಮಲಗಿ ಬರಲಿ. ರೂಮಿನ ದುಡ್ಡು ನಾನು ಹಾಕುತ್ತೇನೆ. ಅವನ ಫೋನ್‌ಪೇ ನಂಬರ್ ನನಗೊಬ್ಬನಿಗೇ ಕಳಿಸು, ಗ್ರೂಪಲ್ಲಿ ಬೇಡ.